ರಾಜೀನಾಮೆ ಪತ್ರವೊಂದು ಪ್ರೇಮಗೀತೆಯಾದ ಕಥೆ

ಜನ ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಂಡ ಹಾಡು ಯಾವುದು ಅಂತ ಒಂದು ಸ್ಪರ್ಧೆ ಇಟ್ಟರೆ, ನನ್ನ ಓಟು 'ಐ ವಿಲ್ ಆಲ್ವೇಸ್ ಲವ್ ಯೂ'ಗೆ. ವಿಟ್ನಿ ಹ್ಯೂಸ್ಟನ್ ಹಾಡಿದ್ದು ಅಂದ ತಕ್ಷಣ ನಿಮಗೂ ನೆನಪಾಗಿರುತ್ತೆ. ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರೂ ಆ ಒಂದು ಎತ್ತರದ ಸ್ವರ ಬಂದಾಗ 'ಓ, ಇದಾ' ಅಂತಾರೆ. ಅಮೆರಿಕದಲ್ಲಿ ಮದುವೆಯ ದಿನ ಗಂಡು ಹೆಣ್ಣು ಕೈ ಕೈ ಹಿಡಿದು ಈ ಹಾಡಿಗೆ ಹೆಜ್ಜೆ ಹಾಕ್ತಾರೆ. ಪಾಪ, ಸಾಹಿತ್ಯದ ಕಡೆ ಯಾರೂ ಕಿವಿ ಕೊಟ್ಟ ಹಾಗಿಲ್ಲ. ಯಾಕಂದ್ರೆ ಅದು ಬಿಟ್ಟು ಹೊರಟವಳ ಹಾಡು. ನಾನಿಲ್ಲಿದ್ದರೆ ನಿನಗೇ ಅಡ್ಡಿ, ಬರ್ತೀನಿ, ಚೆನ್ನಾಗಿರು ಅನ್ನೋ ಧಾಟಿಯ ವಿದಾಯ.

ಬ್ರೇಕಪ್ ಹಾಡು ಅಂದಮೇಲೆ ಆ ಗಂಡಸು ಯಾರು ಅನ್ನೋ ಕುತೂಹಲ ಸಹಜ. ಪ್ರೇಮಿಯಾ? ಗಂಡನಾ? ಎರಡೂ ಅಲ್ಲ. ಬಾಸ್! ಒಂದು ಟಿವಿ ಕಾರ್ಯಕ್ರಮದ ಯಜಮಾನ. ಕೆಲಸ ಬಿಡ್ತೀನಿ ಅಂತ ಬಾಯಿಮಾತಲ್ಲಿ ಎಷ್ಟು ಸಲ ಹೇಳಿದರೂ ಆತ ಕೇಳಿಸಿಕೊಳ್ಳದಿದ್ದಾಗ, ಆ ಹೆಣ್ಣುಮಗಳು ಮನೆಗೆ ಹೋಗಿ ರಾಜೀನಾಮೆಯನ್ನ ಹಾಡು ಮಾಡಿ ತಂದಳು. ಟಿವಿಯಲ್ಲೇ ಅನ್ನ ತಿನ್ನುವ ನನ್ನಂಥವನಿಗೆ ಈ ಕಥೆ ಸ್ವಲ್ಪ ಹೆಚ್ಚೇ ಹತ್ತಿರ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಆಕೆಯ ಹೆಸರು ಡಾಲಿ ಪಾರ್ಟನ್. ಹುಟ್ಟಿದ್ದು 1946ರ ಜನವರಿ 19ರಂದು, ಟೆನೆಸ್ಸಿ ರಾಜ್ಯದ ಸೆವಿಯರ್ ಕೌಂಟಿಯಲ್ಲಿ. ಬೆಟ್ಟದ ಸೀಮೆ, ಕಿತ್ತು ತಿನ್ನುವ ಬಡತನ. 12 ಮಕ್ಕಳಲ್ಲಿ ಈಕೆ ನಾಲ್ಕನೆಯವಳು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡೋಕೆ ಅಪ್ಪನ ಹತ್ತಿರ ದುಡ್ಡಿರಲಿಲ್ಲ, ಫೀಸಿನ ಬದಲು ಒಂದು ಚೀಲ ಜೋಳದ ಹಿಟ್ಟು ಕೊಟ್ಟು ಕಳಿಸಿದರು. ಮೆಕ್ಕೆಜೋಳದ ಹಿಟ್ಟು. ಆ ಅಪ್ಪನಿಗೆ ಓದು ಬರಹ ಬರ್ತಿರಲಿಲ್ಲ. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಡಾಲಿ ಗಂಟುಮೂಟೆ ಕಟ್ಟಿಕೊಂಡು ನ್ಯಾಶ್‌ವಿಲ್ ಬಸ್ಸು ಹತ್ತಿದಳು. ಅಮೆರಿಕದ ಕಂಟ್ರಿ ಸಂಗೀತಕ್ಕೆ ನ್ಯಾಶ್‌ವಿಲ್ ಅಂದರೆ ನಮ್ಮ ಸಿನಿಮಾದವರಿಗೆ ಗಾಂಧಿನಗರ ಇದ್ದ ಹಾಗೆ. ಅವಕಾಶ, ಅವಮಾನ ಎರಡೂ ಸಿಗುವ ಜಾಗ.

ಅಲ್ಲಿ ಪೋರ್ಟರ್ ವ್ಯಾಗನರ್ ಅಂತ ಒಬ್ಬ ಗಾಯಕ. ಮಿರಮಿರ ಮಿಂಚುವ ಕಲ್ಲು ಹಚ್ಚಿದ ಸೂಟು, ತಲೆ ಮೇಲೆ ಗೋಪುರದಂತೆ ಎತ್ತಿ ಬಾಚಿದ ಕೂದಲು. ಅರ್ಧ ಗಂಟೆಯ ಆತನ ಸಂಗೀತ ಕಾರ್ಯಕ್ರಮ ಊರೂರಿನ ಟಿವಿ ಸ್ಟೇಷನ್‌ಗಳಲ್ಲಿ ಪ್ರಸಾರವಾಗ್ತಿತ್ತು. ಪ್ರಾಯೋಜಕರು ಯಾರು ಗೊತ್ತಾ? ಮಲಬದ್ಧತೆಯ ಮದ್ದು ಮಾರುವ ಕಂಪನಿ. ಹಾಡಿನ ಮಧ್ಯೆ ಪೋರ್ಟರ್ ತಾನೇ ನಿಂತು ಆ ಮದ್ದಿನ ಗುಣಗಾನ ಮಾಡ್ತಿದ್ದ. (ಇವತ್ತು ಪ್ರೈಮ್ ಟೈಮ್‌ನಲ್ಲಿ ಬರುವ ಜಾಹೀರಾತುಗಳನ್ನ ನೋಡಿ ನಗುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.)

1967ರಲ್ಲಿ ಆ ಕಾರ್ಯಕ್ರಮದ ಗಾಯಕಿ ನಾರ್ಮಾ ಜೀನ್ ಬಿಟ್ಟು ಹೋದರು. ಆ ಜಾಗಕ್ಕೆ ಡಾಲಿ ಬಂದರು. ವರ್ಷಕ್ಕೆ 60,000 ಡಾಲರ್ ಸಂಬಳ. ಆ ಕಾಲಕ್ಕೆ ಬಡವರ ಮನೆ ಹುಡುಗಿಗೆ ಕನಸಿನ ಮೊತ್ತ. ಆದರೆ ಶುರುವಿನಲ್ಲಿ ಜನ ಒಪ್ಪಲಿಲ್ಲ. ಡಾಲಿ ವೇದಿಕೆಗೆ ಬಂದರೆ ಕೆಳಗಿಂದ ನಾರ್ಮಾ ಜೀನ್ ಹೆಸರು ಕೂಗ್ತಿದ್ದರು. ಆಗ ಕೈ ಹಿಡಿದದ್ದು ಇದೇ ಪೋರ್ಟರ್. ಜೊತೆಗೆ ನಿಂತು ಯುಗಳ ಗೀತೆ ಹಾಡಿದ, ಜನರ ಕಿವಿಗೆ ಆಕೆಯ ದನಿ ಅಭ್ಯಾಸ ಮಾಡಿಸಿದ. ಆರ್‌ಸಿಎ ರೆಕಾರ್ಡ್ ಕಂಪನಿಯವರು ಈ ದನಿ ನಡೆಯುತ್ತಾ ಅಂತ ಅನುಮಾನ ಪಟ್ಟಾಗ, ನಷ್ಟ ಆದರೆ ನನ್ನ ರಾಯಲ್ಟಿಯಲ್ಲಿ ಹಿಡ್ಕೊಳ್ಳಿ ಅಂತ ಹೇಳಿದ ಮನುಷ್ಯ ಆತ. ಈ ಮಾತನ್ನ ಇಲ್ಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಂದೆ ಆತ ಖಳನಾಯಕನ ತರ ಕಾಣಿಸ್ತಾನೆ, ಅಷ್ಟು ಸುಲಭವಾಗಿ ತೀರ್ಪು ಕೊಡೋಕಾಗಲ್ಲ.

ಐದು ವರ್ಷ ಇರ್ತೀನಿ ಅಂತ ಬಂದಿದ್ದ ಡಾಲಿ ಏಳು ವರ್ಷ ಇದ್ದರು. ಈ ಏಳು ವರ್ಷದಲ್ಲಿ ಹಳ್ಳಿ ಹುಡುಗಿ ಸ್ವಂತ ಹಾಡುಗಳಿಂದಲೇ ಹೆಸರು ಮಾಡಿದಳು. 1971ರಲ್ಲಿ 'ಜೋಶುವಾ' ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಪೋರ್ಟರ್‌ಗೆ ಇನ್ನೂ ಈಕೆ ತನ್ನ ಕಾರ್ಯಕ್ರಮದ ಹುಡುಗಿ. ಯಾವ ಹಾಡು ಹಾಡಬೇಕು, ಹೇಗೆ ಹಾಡಬೇಕು ಅನ್ನೋದರಲ್ಲಿ ದಿನಾ ಜಗಳ. ಇಬ್ಬರೂ ಹಠಮಾರಿಗಳು ಅಂತ ಡಾಲಿಯೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೊರಡ್ತೀನಿ ಅಂದರೆ ಕಾಂಟ್ರಾಕ್ಟ್ ತೋರಿಸೋದು, ನಾನು ಮಾಡಿದ ಉಪಕಾರ ಮರೆತೆಯಾ ಅನ್ನೋದು. ಪ್ರತಿಭೆ ಕಂಡುಹಿಡಿದವನಿಗೆ ಆ ಪ್ರತಿಭೆ ತನ್ನದೇ ಆಸ್ತಿ ಅನ್ನಿಸಿಬಿಡುವ ರೋಗ ಎಲ್ಲ ಕಾಲಕ್ಕೂ, ಎಲ್ಲ ಊರಿಗೂ ಇದೆ ಅಲ್ವಾ?

1973. ಮಾತಾಡಿ ಪ್ರಯೋಜನ ಇಲ್ಲ ಅಂತ ಡಾಲಿಗೆ ಅನ್ನಿಸಿತು. ವಾದಕ್ಕೆ ಇಳಿದರೆ ವಾದ ಬೆಳೆಯುತ್ತೆ. ಆಕೆಗೆ ಚೆನ್ನಾಗಿ ಬರೋದು ಹಾಡು ಬರೆಯೋದು. ಕೂತು ಬರೆದರು. 'ಜೋಲೀನ್' ಅನ್ನೋ ಇನ್ನೊಂದು ಅಮರ ಹಾಡು ಕೂಡ ಅದೇ ಹೊತ್ತಿನದು. ಎರಡನ್ನೂ ಒಂದೇ ದಿನ ಬರೆದಿರಬಹುದು ಅಂತ ಆಕೆಯೇ ಹೇಳಿದ್ದುಂಟು. ಎರಡು ಜೀವಮಾನಕ್ಕೆ ಸಾಕಾಗುವಷ್ಟು ಕೆಲಸ! ಮರುದಿನ ಪೋರ್ಟರ್ ಆಫೀಸಿಗೆ ಹೋಗಿ, ಕೂತ್ಕೊಳ್ಳಿ, ಒಂದು ಹಾಡು ಹೇಳ್ತೀನಿ ಅಂದರು. ಗಿಟಾರ್ ತಗೊಂಡು ಒಬ್ಬರೇ ಹಾಡಿದರು.

ಹಾಡಲ್ಲಿ ದೂರು ಇಲ್ಲ, ಲೆಕ್ಕಾಚಾರ ಇಲ್ಲ, ಹಳೆಯ ಜಗಳದ ಪ್ರಸ್ತಾಪ ಇಲ್ಲ. ಕೃತಜ್ಞತೆ ಇದೆ, ಹಾರೈಕೆ ಇದೆ, ಜೊತೆಗೆ ನಾನು ಹೊರಟಿದ್ದೀನಿ ಅನ್ನೋ ಮಾತೂ ಇದೆ. ಹಾಡು ಮುಗಿಯುವ ಹೊತ್ತಿಗೆ ಪೋರ್ಟರ್ ಅಳ್ತಿದ್ದ. ನೀನು ಬರೆದದ್ದರಲ್ಲೇ ಇದು ಅತ್ಯುತ್ತಮ, ಹೋಗು, ಆದರೆ ಈ ರೆಕಾರ್ಡನ್ನ ನಾನೇ ಪ್ರೊಡ್ಯೂಸ್ ಮಾಡ್ತೀನಿ ಅಂದ. ಏಳು ವರ್ಷದ ಗಂಟು ಮೂರು ನಿಮಿಷದಲ್ಲಿ ಬಿಚ್ಚಿತು. ಕೊನೆಗೂ ಒಂದು ಷರತ್ತು ಹಾಕೋದನ್ನ ಮಾತ್ರ ಆತ ಬಿಡಲಿಲ್ಲ ನೋಡಿ.

1973ರ ಜೂನ್ 13ರಂದು ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿ-ಯಲ್ಲಿ ರೆಕಾರ್ಡಿಂಗ್ ಆಯ್ತು. 1974ರಲ್ಲಿ ಬಿಡುಗಡೆ, ಜೂನ್ ಹೊತ್ತಿಗೆ ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಸಾಧ್ಯವಾದರೆ ಈ ಮೂಲ ಹಾಡನ್ನ ಒಮ್ಮೆ ಕೇಳಿ. ಕಿರುಚಾಟ ಇಲ್ಲ. ಒಂದು ಚರಣವನ್ನ ಡಾಲಿ ಹಾಡೋದೇ ಇಲ್ಲ, ಬರೀ ಮಾತಲ್ಲಿ ಹೇಳ್ತಾರೆ, ಎದುರಿಗೆ ಕೂತವನಿಗೆ ಹೇಳುವಷ್ಟು ಮೆಲ್ಲಗೆ. ಅದನ್ನ ಕೇಳಿದವರಿಗೆ ಆಫೀಸಿನ ಆ ದೃಶ್ಯ ಕಣ್ಣಿಗೆ ಕಟ್ಟುತ್ತೆ.

ಹಾಡು ಹಿಟ್ ಆಯ್ತು, ಹುಡುಗಿ ಸ್ವತಂತ್ರಳಾದಳು. ಇಷ್ಟೇ ಆಗಿದ್ದರೆ ಇದು ಬರೀ ಕಂಟ್ರಿ ಸಂಗೀತದವರ ಮನೆಮಾತಾಗಿ ಉಳೀತಿತ್ತು. ಆದರೆ ಅಷ್ಟರಲ್ಲಿ ಫೋನ್ ಬಂತು. ಎಲ್ವಿಸ್ ಪ್ರೀಸ್ಲಿಗೆ ನಿಮ್ಮ ಹಾಡು ಬೇಕಂತೆ!

ಎಲ್ವಿಸ್ ಅಂದರೆ ಆ ಕಾಲಕ್ಕೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಡಾಲಿ ಕಂಡಕಂಡವರಿಗೆಲ್ಲ ಸುದ್ದಿ ಹೇಳಿಕೊಂಡು ಓಡಾಡಿದರು. ಆತ ಹಾಡೋದನ್ನ ನೋಡೋಕೆ ಹೊರಡಲು ಸಿದ್ಧವಾಗಿದ್ದರು. ರೆಕಾರ್ಡಿಂಗ್ ಇನ್ನೇನು ಆಗಬೇಕು ಅನ್ನುವಾಗ ಎಲ್ವಿಸ್‌ನ ಮ್ಯಾನೇಜರ್ ಲೈನಿಗೆ ಬಂದ. ಕರ್ನಲ್ ಟಾಮ್ ಪಾರ್ಕರ್. ಹೆಸರಲ್ಲಿ ಕರ್ನಲ್ ಇದೆ ಅಂತ ಸೈನ್ಯಾಧಿಕಾರಿ ಅಂದ್ಕೋಬೇಡಿ, ಅದು ಲೂಸಿಯಾನಾದ ಗವರ್ನರ್ ಕೊಟ್ಟ ಗೌರವದ ಬಿರುದು. ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, ಟಾಮ್ ಪಾರ್ಕರ್ ಅನ್ನೋದು ಇಟ್ಟುಕೊಂಡ ಹೆಸರು. ವ್ಯವಹಾರದಲ್ಲಿ ಮಾತ್ರ ಅಸಲಿ. ಎಲ್ವಿಸ್ ಹಾಡಬೇಕು ಅಂದರೆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ನಮಗೆ ಕೊಡಬೇಕು, ಇದು ನಮ್ಮ ಪದ್ಧತಿ ಅಂತ ಆತ ಹೇಳಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಜಿನಿಯರಿಂಗ್ ಓದಿದವನು ನಾನು, ಲೆಕ್ಕ ಬಿಟ್ಟು ಮುಂದೆ ಹೋಗಲ್ಲ. ಒಂದು ರೆಕಾರ್ಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತೆ. ಒಂದು, ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು, ಒಬ್ಬರು ಅದನ್ನ ಹಾಡಿ ಮಾಡಿದ ರೆಕಾರ್ಡಿಂಗ್. ಮನೆಯ ಉದಾಹರಣೆ ತಗೊಳ್ಳಿ. ಮೊದಲನೆಯದು ಸೈಟು, ಎರಡನೆಯದು ಅದರ ಮೇಲೆ ಕಟ್ಟಿದ ಕಟ್ಟಡ. ಈ ಸೈಟಿನ ಮೇಲೆ ನೂರು ಜನ ನೂರು ಕಟ್ಟಡ ಕಟ್ಟಬಹುದು, ಪ್ರತಿ ಕಟ್ಟಡದಿಂದಲೂ ಸೈಟಿನ ಮಾಲೀಕರಿಗೆ ನೆಲಬಾಡಿಗೆ ಬರುತ್ತೆ. ಅಮೆರಿಕದಲ್ಲಿ 1974ರಲ್ಲಿ ಕಾನೂನು ಗೊತ್ತು ಮಾಡಿದ್ದ ನೆಲಬಾಡಿಗೆ ಒಂದು ರೆಕಾರ್ಡಿಗೆ, ಒಂದು ಹಾಡಿಗೆ 2 ಸೆಂಟ್. 1909ರಲ್ಲಿ ಮಾಡಿದ ದರ, ಆರು ದಶಕ ದಾಟಿದರೂ ಬದಲಾಗಿರಲಿಲ್ಲ. ರೂಢಿಯಂತೆ ಅದರಲ್ಲಿ ಅರ್ಧ ಬರೆದವರಿಗೆ, ಅರ್ಧ ಪಬ್ಲಿಷರ್‌ಗೆ. ಪಾರ್ಕರ್ ಕೇಳಿದ್ದು ಪಬ್ಲಿಷರ್ ಪಾಲಿನ ಅರ್ಧ. ಅಂದರೆ ಪ್ರತಿ ರೆಕಾರ್ಡಿಗೆ ಬರೀ ಅರ್ಧ ಸೆಂಟ್.

ಅರ್ಧ ಸೆಂಟಿಗೆ ಎಲ್ವಿಸ್‌ನ ಬಿಡೋದಾ? ಲೋಕರೂಢಿಯ ಬುದ್ಧಿವಂತಿಕೆ ಏನು ಹೇಳುತ್ತೆ ಯೋಚಿಸಿ. ಆತ ಹಾಡಿದರೆ ಲಕ್ಷಗಟ್ಟಲೆ ರೆಕಾರ್ಡ್ ಮಾರಾಟ ಖಚಿತ, ಉಳಿದ ಪಾಲೇ ದೊಡ್ಡ ಮೊತ್ತ ಆಗುತ್ತೆ, ಹೆಸರು ಬೇರೆ. ಯಾವ ಹಿತೈಷಿಯನ್ನ ಕೇಳಿದ್ರೂ ಸಹಿ ಹಾಕು ಅಂತಲೇ ಹೇಳ್ತಿದ್ದ. ಡಾಲಿ ಒಪ್ಪಲಿಲ್ಲ. ಹಾಡುಗಳು ನನ್ನ ಮನೆಯವರಿಗೆ ನಾನು ಬಿಟ್ಟು ಹೋಗುವ ಆಸ್ತಿ, ಅದನ್ನ ಕೊಡೋಕಾಗಲ್ಲ ಅಂದುಬಿಟ್ಟರು. ಅಂದು ರಾತ್ರಿಯೆಲ್ಲ ಅತ್ತೆ ಅಂತ ಆಕೆಯೇ ಹೇಳಿದ್ದಾರೆ. ಹಾಡು ಎಲ್ವಿಸ್‌ಗೂ ಎಷ್ಟು ಹಿಡಿಸಿತ್ತು ಅನ್ನೋದು ಆಕೆಗೆ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ, ಆತನ ಮಾಜಿ ಪತ್ನಿ ಪ್ರಿಸಿಲ್ಲಾ ಬಾಯಿಂದ. ವಿಚ್ಛೇದನದ ನಂತರ ಕೋರ್ಟಿನ ಮೆಟ್ಟಿಲು ಇಳಿಯುವಾಗ ಎಲ್ವಿಸ್ ಈ ಹಾಡನ್ನ ತನಗೆ ಹಾಡಿದ್ದ ಅಂತ ಪ್ರಿಸಿಲ್ಲಾ ಡಾಲಿಗೆ ಹೇಳಿದರಂತೆ. 'ಅಂತೆ' ಅನ್ನೋ ಪದವನ್ನ ಬೇಕಂತಲೇ ಹಾಕಿದ್ದೀನಿ. ವಿಚ್ಛೇದನ ಆಗಿದ್ದು 1973ರ ಅಕ್ಟೋಬರ್, ಹಾಡು ಬಿಡುಗಡೆ ಆಗಿದ್ದು 1974. ತಾರೀಕು ಅಷ್ಟು ಸಲೀಸಾಗಿ ಕೂಡಲ್ಲ. ಹಾಗಂತ ಹೇಳಿದವರ ನೆನಪನ್ನ ಪೂರಾ ತಳ್ಳಿ ಹಾಕೋಕೂ ಮನಸ್ಸು ಬರಲ್ಲ. 1977ರ ಆಗಸ್ಟ್ 16ರಂದು ಎಲ್ವಿಸ್ ತೀರಿಕೊಂಡ.

ಅತ್ತ ಪೋರ್ಟರ್ ಜೊತೆಗಿನ ಕಥೆಯೂ ಹಾಡಿನಷ್ಟು ಸೊಗಸಾಗಿ ಮುಗೀಲಿಲ್ಲ. ಕಣ್ಣೀರು ಹಾಕಿ ಕಳಿಸಿಕೊಟ್ಟ ಅದೇ ಪೋರ್ಟರ್ 1979ರಲ್ಲಿ ಡಾಲಿ ಮೇಲೆ 30 ಲಕ್ಷ ಡಾಲರ್‌ಗೆ ಕೇಸು ಹಾಕಿದ. ಕಾಂಟ್ರಾಕ್ಟ್ ಮುರಿದಳು, ನನ್ನ ಪಾಲು ಕೊಟ್ಟಿಲ್ಲ ಅಂತ. ಕೋರ್ಟಿನ ಹೊರಗೆ ರಾಜಿಯಾಯ್ತು. ಡಾಲಿ ಕೊಟ್ಟದ್ದು ಸುಮಾರು 10 ಲಕ್ಷ ಡಾಲರ್ ಅಂತ ವರದಿ. 1982ರಲ್ಲಿ ತಾನು ನಟಿಸಿದ ಸಿನಿಮಾವೊಂದಕ್ಕೆ ಡಾಲಿ ಇದೇ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದರು, ಮತ್ತೆ ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್. ಒಂದೇ ಹಾಡು, ಒಬ್ಬರೇ ಗಾಯಕಿ, ಎರಡು ಸಲ ಮೊದಲ ಸ್ಥಾನ. ಆ ಪಟ್ಟಿಯಲ್ಲಿ ಹಾಗೆ ಅದುವರೆಗೆ ಆಗಿರಲಿಲ್ಲ.

ಈಗ 1992ಕ್ಕೆ ಬನ್ನಿ. 'ದಿ ಬಾಡಿಗಾರ್ಡ್' ಸಿನಿಮಾ. ಕೆವಿನ್ ಕಾಸ್ಟ್ನರ್ ನಾಯಕ ಮತ್ತು ನಿರ್ಮಾಪಕರಲ್ಲೊಬ್ಬರು, ವಿಟ್ನಿ ಹ್ಯೂಸ್ಟನ್‌ಗೆ ಮೊದಲ ಸಿನಿಮಾ. ಕೊನೆಯ ದೃಶ್ಯಕ್ಕೆ ಬೇರೆಯೇ ಒಂದು ಹಳೆಯ ಹಾಡು ಗೊತ್ತಾಗಿತ್ತು. ಅಷ್ಟರಲ್ಲಿ ಅದನ್ನ 'ಫ್ರೈಡ್ ಗ್ರೀನ್ ಟೊಮ್ಯಾಟೋಸ್' ಅನ್ನೋ ಇನ್ನೊಂದು ಸಿನಿಮಾದವರು ಬಳಸಿಬಿಟ್ಟರು. ನಮ್ಮಲ್ಲಿ ಟೈಟಲ್‌ಗೆ ಕಿತ್ತಾಡೋ ಹಾಗೆ ಅಲ್ಲಿ ಹಾಡಿಗೆ ಪರದಾಟ. ಆಗ ಕಾಸ್ಟ್ನರ್ ಮುಂದಿಟ್ಟದ್ದು 1975ರಲ್ಲಿ ಲಿಂಡಾ ರಾನ್‌ಸ್ಟಾಟ್ ಹಾಡಿದ್ದ ಡಾಲಿಯ ಹಾಡು.

ಸಂಗೀತದ ಹೊಣೆ ಡೇವಿಡ್ ಫಾಸ್ಟರ್ ಮೇಲಿತ್ತು. ನಿಮ್ಮ ಹಾಡು ಬಳಸ್ತಿದ್ದೀವಿ ಅಂತ ಡಾಲಿಗೆ ಫೋನ್ ಮಾಡಿದರು. ಯಾವ ರೆಕಾರ್ಡ್ ನೋಡಿ ಮಾಡ್ತಿದ್ದೀರಿ ಅಂತ ವಿಚಾರ ಬಂತು. ಲಿಂಡಾ ಹಾಡಿದ್ದರಲ್ಲಿ ಕೊನೆಯ ಚರಣವೇ ಇಲ್ಲ ಅಂತ ಡಾಲಿ ಹೇಳಿದಾಗ ಫಾಸ್ಟರ್‌ಗೆ ಗಾಬರಿ. ಸಾಹಿತ್ಯ ಫೋನಿನಲ್ಲೇ ತಗೊಂಡು ಹಾಡನ್ನ ಸರಿಮಾಡಿಕೊಂಡರು. ಆ ಚರಣದಲ್ಲೇ ಅಲ್ವಾ ಹೋಗ್ತಿರುವವಳು ಉಳಿಯುವವನಿಗೆ ಒಳ್ಳೆಯದಾಗಲಿ ಅಂತ ಹಾರೈಸೋದು? ಅದಿಲ್ಲದೆ ಇದೂ ಒಂದು ಸಾಮಾನ್ಯ ವಿರಹಗೀತೆ.

ಇನ್ನೊಂದು ಹಟ ಕಾಸ್ಟ್ನರ್‌ದು. ಶುರುವಿನಲ್ಲಿ ಯಾವ ವಾದ್ಯವೂ ಬೇಡ, ವಿಟ್ನಿ ದನಿ ಮಾತ್ರ ಇರಲಿ. ರೆಕಾರ್ಡ್ ಕಂಪನಿಯವರಿಗೆ ತಲೆಬಿಸಿ. ಮುಕ್ಕಾಲು ನಿಮಿಷ ವಾದ್ಯವೇ ಇಲ್ಲ ಅಂದರೆ ರೇಡಿಯೋದವರು ಹಾಕ್ತಾರಾ? ಟಿವಿಯಲ್ಲಿ ಎರಡು ಸೆಕೆಂಡ್ ಮೌನ ಆದರೆ ಕಂಟ್ರೋಲ್ ರೂಮಿನಿಂದ ನಮ್ಮ ಕಿವಿಗೆ ಎಂಥ ಮಾತು ಬರುತ್ತೆ ಅಂತ ನನಗೆ ಗೊತ್ತು, ಆ ಭಯ ಅರ್ಥವಾಗುತ್ತೆ. ಆದರೆ ಅದೇ ಹಾಡಿನ ಜೀವ ಆಯ್ತು. ಒಂಟಿ ದನಿ, ಆಮೇಲೆ ಮೆಲ್ಲಗೆ ವಾದ್ಯ, ಕರ್ಕ್ ವೇಲಮ್ ಅವರ ಸ್ಯಾಕ್ಸೊಫೋನ್, ಒಂದು ಕ್ಷಣ ಪೂರ್ತಿ ಮೌನ, ಡ್ರಮ್ಮಿನ ಒಂದೇ ಹೊಡೆತ, ಅದರ ಬೆನ್ನಿಗೇ ಮೇಲಿನ ಶ್ರುತಿಯಲ್ಲಿ ವಿಟ್ನಿಯ ಕೂಗು. ನವೆಂಬರ್‌ನಲ್ಲಿ ಬಿಡುಗಡೆಯಾದ ಹಾಡು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ಕೂತಿತು. ಆಗ ಅದು ದಾಖಲೆ. ಬ್ರಿಟನ್ನಿನಲ್ಲಿ 10 ವಾರ. ಆಲ್ಬಂ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಮಾರಾಟವಾಯ್ತು ಅಂತ ಅಂದಾಜು.

ಡಾಲಿ ಈ ಹಾಡನ್ನ ಮೊದಲು ಕೇಳಿದ್ದು ಕಾರಿನ ರೇಡಿಯೋದಲ್ಲಿ. ವಾದ್ಯವಿಲ್ಲದ ಶುರು ಕೇಳಿ ಏನೋ ಪರಿಚಿತ ಅನ್ನಿಸಿತು, ಪಲ್ಲವಿ ಬಂದಾಗ ತನ್ನದೇ ಹಾಡು ಅಂತ ಗೊತ್ತಾಯ್ತು. ಕಾರು ಪಕ್ಕಕ್ಕೆ ನಿಲ್ಲಿಸಬೇಕಾಯ್ತು, ಇಲ್ಲದಿದ್ದರೆ ಎಲ್ಲಾದರೂ ಗುದ್ದುತ್ತಿದ್ದೆ ಅಂತಾರೆ.

ಈಗ ಆ ಅರ್ಧ ಸೆಂಟನ್ನ ನೆನಪಿಸಿಕೊಳ್ಳಿ. 1992ರ ಹೊತ್ತಿಗೆ ಆ 2 ಸೆಂಟಿನ ದರ 6.25 ಸೆಂಟ್ ಆಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅಮೆರಿಕದ ಸಾಮಾನ್ಯ ರೇಡಿಯೋ ಸ್ಟೇಷನ್‌ಗಳು ಹಾಡು ಹಾಕಿದಾಗ ದುಡ್ಡು ಕೊಡೋದು ಬರೆದವರಿಗೆ ಮತ್ತು ಪಬ್ಲಿಷರ್‌ಗೆ. ಹಾಡಿದವರಿಗೆ ಬಿಡಿಗಾಸೂ ಇಲ್ಲ! ರೆಕಾರ್ಡ್ ಮಾರಾಟದಿಂದ ವಿಟ್ನಿ ಕೂಡ ಚೆನ್ನಾಗಿ ಸಂಪಾದಿಸಿದರು ನಿಜ. ಆದರೆ ರೇಡಿಯೋದಲ್ಲಿ ವಿಟ್ನಿಯ ದನಿ ಕೇಳಿದಾಗಲೆಲ್ಲ ದುಡ್ಡು ಹೋಗಿದ್ದು ಡಾಲಿಗೆ. 90ರ ದಶಕದಲ್ಲಿ ಈ ಒಂದು ಹಾಡಿನಿಂದ ಆಕೆಗೆ ಬಂದ ರಾಯಲ್ಟಿ ಸುಮಾರು 1 ಕೋಟಿ ಡಾಲರ್ ಅಂತ ಫೋರ್ಬ್ಸ್ ಪತ್ರಿಕೆಯ ಅಂದಾಜು. ಅಂದು ಪಾರ್ಕರ್ ಕಾಗದಕ್ಕೆ ಸಹಿ ಬಿದ್ದಿದ್ದರೆ? ಹಾಡಿನ ಪಾಲು ಎಲ್ವಿಸ್‌ಗೂ, ಆತ ಸತ್ತ ಮೇಲೆ ಆತನ ವ್ಯವಹಾರ ನೋಡಿಕೊಂಡವರಿಗೂ ಹೋಗ್ತಾ ಇರ್ತಿತ್ತು.

ಆ ದುಡ್ಡಲ್ಲಿ ಡಾಲಿ ಏನು ಮಾಡಿದರು? ನ್ಯಾಶ್‌ವಿಲ್‌ನಲ್ಲಿ ಹೆಚ್ಚಾಗಿ ಕಪ್ಪು ಜನರೇ ಇದ್ದ ಒಂದು ಬಡಾವಣೆಯಲ್ಲಿ ಆಫೀಸು ಕಟ್ಟಡಗಳನ್ನ ಕೊಂಡರು. 2021ರಲ್ಲಿ ಒಂದು ಟಿವಿ ಶೋನಲ್ಲಿ ಇದನ್ನ ಹೇಳಿಕೊಂಡರು. ವಿಟ್ನಿಯ ಜನ ಇರುವ ಜಾಗ, ಆಕೆಯ ಹಾಡಿನ ದುಡ್ಡು ಅಲ್ಲೇ ಹೂಡಿಕೆ ಆಗೋದು ಸರಿ ಅನ್ನಿಸಿತು, ಇದು ವಿಟ್ನಿ ಕಟ್ಟಿಸಿದ ಮನೆ ಅನ್ನೋ ಅರ್ಥದಲ್ಲಿ. ಒಳ್ಳೆಯ ಭಾವನೆ, ಜೊತೆಗೆ ಒಳ್ಳೆಯ ರಿಯಲ್ ಎಸ್ಟೇಟ್ ಬುದ್ಧಿ ಕೂಡ. ಆಕೆಯಲ್ಲಿ ಇವೆರಡೂ ಯಾವಾಗಲೂ ಒಟ್ಟಿಗೇ ಇರ್ತವೆ.

ನಮ್ಮಲ್ಲಿ ಹೇಗೆ ಅಂತ ಕೇಳಬಹುದು. ನಮ್ಮ ಜನಪ್ರಿಯ ಸಂಗೀತ ಅಂದರೆ ಬಹುಪಾಲು ಸಿನಿಮಾ ಸಂಗೀತ. ಎಲ್ವಿಸ್ ಸತ್ತ ಅದೇ 1977ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸಾರ ಏನಂದರೆ, ನಿರ್ಮಾಪಕ ದುಡ್ಡು ಕೊಟ್ಟು ಸಿನಿಮಾಗೆ ಬರೆಸಿದ ಹಾಡಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆತನೇ ಮಾಲೀಕ. ಬರೆದವರು ಲಂಪ್ಸಮ್ ತಗೊಂಡು ಮನೆಗೆ. ಇದು ಬದಲಾಗೋಕೆ 35 ವರ್ಷ ಬೇಕಾಯ್ತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು; ಗೀತಸಾಹಿತಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ದನಿ ಎತ್ತಿದ್ದರು. ಥಿಯೇಟರ್ ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯಲ್ಲಿ ಸಮಪಾಲು, ಆ ಹಕ್ಕನ್ನ ನಿರ್ಮಾಪಕನಿಗೆ ಬರೆದುಕೊಟ್ಟರೂ ಅದು ನಡೆಯಲ್ಲ ಅಂತ ಕಾನೂನಾಯ್ತು. ಅಂದರೆ ಡಾಲಿ ಒಬ್ಬರೇ ಅತ್ತು ಉಳಿಸಿಕೊಂಡದ್ದನ್ನ ಇಲ್ಲಿ ಸಂಸತ್ತು ಕೂತು ಉಳಿಸಿಕೊಡಬೇಕಾಯ್ತು. ಎಲ್ವಿಸ್ ಬಾಗಿಲಿಗೆ ಬಂದು ನಿಂತಾಗ ಎಲ್ಲರ ಕೈಲೂ ಇಲ್ಲ ಅನ್ನೋಕಾಗಲ್ಲವಲ್ಲ.

ಹಾಡು ಮಾತ್ರ ಯಾರ ಮಾತೂ ಕೇಳದೆ ಎಲ್ಲೆಲ್ಲಿಗೋ ಹೋಯ್ತು. 2002ರ ಅಕ್ಟೋಬರ್‌ನಲ್ಲಿ ಇರಾಕಿನಲ್ಲಿ ಸದ್ದಾಂ ಹುಸೇನ್ ಅಧಿಕಾರದಲ್ಲಿ ಮುಂದುವರಿಯಬೇಕಾ ಅಂತ ಜನಮತಗಣನೆ. ಅಭ್ಯರ್ಥಿ ಆತನೊಬ್ಬನೇ. ಪ್ರಚಾರದ ಹಾಡು ಯಾವುದು? ಇದೇ! ನಿನ್ನ ದಾರಿಗೆ ಅಡ್ಡಿಯಾಗಲ್ಲ, ಹೊರಡ್ತೀನಿ ಅನ್ನೋ ಹಾಡನ್ನ ಕುರ್ಚಿ ಬಿಡಲ್ಲ ಅನ್ನೋನು ಹಾಕಿಸಿದ. ಫಲಿತಾಂಶ ನೂರಕ್ಕೆ ನೂರು ಅಂತ ಸರ್ಕಾರವೇ ಘೋಷಿಸಿತು. 2020ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವಿಟ್ನಿಯ ಈ ರೆಕಾರ್ಡಿಂಗನ್ನ ಕಾಪಾಡಿಡಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದನ್ನ ನೋಡೋಕೆ ವಿಟ್ನಿ ಇರಲಿಲ್ಲ. 2012ರ ಫೆಬ್ರವರಿ 11ರಂದು, 48ನೇ ವಯಸ್ಸಿಗೆ, ಹೋಟೆಲ್ ರೂಮಿನಲ್ಲಿ ಕೊನೆಯುಸಿರೆಳೆದಿದ್ದರು. ಬಾಲ್ಯದಲ್ಲಿ ತಾನು ಹಾಡುತ್ತಿದ್ದ ನ್ಯೂವರ್ಕ್‌ನ ಚರ್ಚಿನಿಂದ ಆಕೆಯ ಶವಪೆಟ್ಟಿಗೆಯನ್ನ ಹೊತ್ತು ಹೊರಗೆ ತರುವಾಗ ಆಕೆಯದೇ ದನಿಯಲ್ಲಿ ಈ ಹಾಡು ಹಾಕಿದರು. ಆ ದೃಶ್ಯ ಜಗತ್ತಿನ ಎಲ್ಲ ಚಾನೆಲ್‌ಗಳಲ್ಲೂ ಬಂತು.

ಇನ್ನು ಪೋರ್ಟರ್. ಕೇಸು, ರಾಜಿ, ಮುನಿಸು ಎಲ್ಲ ಕರಗೋಕೆ ವರ್ಷಗಳೇ ಹಿಡಿದವು. 2007ರ ಮೇ ತಿಂಗಳಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯಲ್ಲಿ ಆತನ ಸದಸ್ಯತ್ವಕ್ಕೆ 50 ವರ್ಷ ತುಂಬಿದ ಸಮಾರಂಭ ನಡೆಯಿತು. ಡಾಲಿ ಬಂದಿದ್ದರು. 34 ವರ್ಷದ ಹಿಂದೆ ಆತನ ಆಫೀಸಿನಲ್ಲಿ ಹಾಡಿದ್ದ ಅದೇ ಹಾಡನ್ನ ಆತನೆದುರು ಮತ್ತೆ ಹಾಡಿದರು. ಅಕ್ಟೋಬರ್ 28ರಂದು ಪೋರ್ಟರ್ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನ ಡಾಲಿ ಅವರ ಹಾಸಿಗೆಯ ಪಕ್ಕದಲ್ಲಿದ್ದರು.